‘ತಿಂದು ನೋಡು’ ಎನ್ನುವ ಊರಿನಿಂದ ಜಪಾನಿ ಶಾಲೆಗೆ

ಗಜೇಂದ್ರಗಡದ ಮನೆಯಲ್ಲಿ ಅವ್ವ ಬಿಸಿ ರೊಟ್ಟಿಯ ಮೇಲೆ ಪಲ್ಯ ಹಾಕಿಕೊಟ್ಟು ‘ತಿಂದು ನೋಡು’ ಅಂತಾಳೆ. ನಾಲಿಗೆಯ ಕೆಲಸಕ್ಕೆ ‘ನೋಡು’ ಎನ್ನುವುದು ನಮಗೆಷ್ಟು ರೂಢಿಯೆಂದರೆ, ಅದೊಂದು ವ್ಯಾಕರಣ ಎಂಬುದೇ ನೆನಪಿಗೆ ಬರುವುದಿಲ್ಲ. ಜಪಾನಿಯಲ್ಲಿ ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡುವುದು. ರುಚಿ ನೋಡುವುದಕ್ಕೆ ಅವರು ಹೇಳುವುದೂ ‘ತಬೆತೆ ಮಿರು’ ಎಂದೇ. ‘ಮಿನ್ನಾ ನೊ ನಿಹೊಂಗೊ’ ಎಂಬ ಹೆಸರಾಂತ ಪಠ್ಯದಲ್ಲಿ ಇದು ಬರುವುದು 40ನೇ ಪಾಠದಲ್ಲಿ. ನಮ್ಮ ಮಕ್ಕಳು ಅದನ್ನು ಅಡುಗೆಮನೆಯಲ್ಲೇ ಕಲಿತಿರುತ್ತಾರೆ.

ಜಪಾನಿಗೆ ಓದಲು ಹೋಗುವವರಲ್ಲಿ ಅನೇಕರು ಮೊದಲು ಕಾಲಿಡುವುದು ‘ನಿಹೊಂಗೊ ಗಕ್ಕೋ’ಗೆ, ಅಂದರೆ ಭಾಷಾ ಶಾಲೆಗೆ. ವಾರಕ್ಕೆ ಐದು ದಿನ, ಬೆಳಗಿನ ಇಲ್ಲವೇ ಮಧ್ಯಾಹ್ನದ ಪಾಳಿ, ದಿನಕ್ಕೆ ನಾಲ್ಕು ತರಗತಿ. ವರ್ಷಕ್ಕೆ ಕನಿಷ್ಠ 760 ತರಗತಿ ನಡೆಯಲೇಬೇಕು, ಒಂದು ಕೋಣೆಯಲ್ಲಿ 20ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು ಎಂಬುದು ಸರ್ಕಾರದ ನಿಯಮ. ಗರಿಷ್ಠ ಎರಡು ವರ್ಷ ಕಲಿಯಬಹುದು. ಪಕ್ಕದ ಬೆಂಚಿನಲ್ಲಿ ಚೀನಾ, ನೇಪಾಳ, ವಿಯೆಟ್ನಾಂ ಮಕ್ಕಳಿರುವುದರಿಂದ ಶಿಕ್ಷಕರು ಸಾಮಾನ್ಯವಾಗಿ ಮೊದಲ ದಿನದಿಂದಲೇ ಜಪಾನಿಯಲ್ಲೇ ಪಾಠ ಹೇಳುತ್ತಾರೆ. ಇಂಗ್ಲಿಷ್ ಬಾರದು ಎಂಬ ಅಳುಕು ಇಟ್ಟುಕೊಂಡವರು ಇದನ್ನು ಗಮನಿಸಬೇಕು.

ಕನ್ನಡವೇ ಬಂಡವಾಳ

ಜಪಾನಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ. ‘ಮನೆಗೆ’ ಎನ್ನುವಾಗಿನ ‘ಗೆ’ಯಂತೆ ಅಲ್ಲಿನ ಪ್ರತ್ಯಯಗಳೂ ಪದದ ಹಿಂದೆ ಅಂಟುತ್ತವೆ. ಬರೆದಿಡುವುದಕ್ಕೆ ‘ಕೈತೆ ಒಕು’. ‘ಕೈತೆ’ ಬರೆದು, ‘ಒಕು’ ಇಡುವುದು. ತೆಗೆದುಕೊಂಡು ಬರುವುದಕ್ಕೆ ‘ಮೊತ್ತೆ ಕುರು’. ‘ನಾಳೆ ಬರ್ತೀನಿ ಅಂತ ಹೇಳಿದ’ ಎಂಬ ಮಾತಿನ ‘ಅಂತ’ ಇರುವ ಜಾಗದಲ್ಲೇ ಅವರ ‘ತೊ’ ಕೂರುತ್ತದೆ. ಎರಡೂ ಒಂದೇ ಕುಟುಂಬದ ಭಾಷೆಗಳೆಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ ಕಲಿಯುವವನ ತಲೆಯಲ್ಲಿ ವಾಕ್ಯವನ್ನು ಹಿಂದುಮುಂದು ಮಾಡುವ ಶ್ರಮ ತಪ್ಪುತ್ತದೆ.

ಅಕ್ಷರಮಾಲೆಯಲ್ಲೂ ಪರಿಚಿತ ಮುಖಗಳು ಕಾಣುತ್ತವೆ. ಅ, ಇ, ಉ, ಎ, ಒ ಮುಗಿದ ಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಿದ್ಧಂ ಲಿಪಿಯಲ್ಲಿ ಸಂಸ್ಕೃತ ಕಲಿತ ಬೌದ್ಧ ಭಿಕ್ಷುಗಳ ಮೂಲಕ ನಮ್ಮ ವರ್ಣಕ್ರಮ ಅಲ್ಲಿಗೆ ಹೋಗಿ ನೆಲೆಸಿತು.

ಕಷ್ಟ ಇರುವುದು ಚೀನಾದಿಂದ ಬಂದ ಅಕ್ಷರಗಳಾದ ಕಾಂಜಿಯಲ್ಲಿ. ಉಚ್ಚಾರ ಸೂಚಿಸುವ 46 ಹಿರಾಗಾನ, 46 ಕಾತಾಕಾನ ಅಕ್ಷರಗಳು ಕೆಲವು ವಾರಗಳಲ್ಲಿ ಕೈಗೆ ಹತ್ತುತ್ತವೆ. ನಿತ್ಯಬಳಕೆಯದೆಂದು ಗುರುತಿಸಿದ ಕಾಂಜಿಗಳೇ 2,136. ಚೀನಾದ ಸಹಪಾಠಿ ಅವನ್ನು ನೋಡಿದೊಡನೆ ಅರ್ಥ ಊಹಿಸುತ್ತಾನೆ, ನಾವು ಒಂದೊಂದಾಗಿ ತಿದ್ದಬೇಕು. ‘ಮರ’ಕ್ಕೆ ನಾಲ್ಕು ಗೆರೆ. ಮೊದಲು ಅಡ್ಡ, ಆಮೇಲೆ ಉದ್ದ, ಎಡಕ್ಕೊಂದು ಬಾಗು, ಬಲಕ್ಕೊಂದು ಬಾಗು. ಅದರ ಎಡಕ್ಕೆ ಮನುಷ್ಯನ ಎರಡು ಗೆರೆ ಸೇರಿಸಿದರೆ ‘ವಿಶ್ರಾಂತಿ’. ಹೊಲದ ಬದುವಿನ ಬೇವಿನ ಮರಕ್ಕೆ ಒರಗಿದ ರೈತನನ್ನು ಕಂಡವರು ಈ ಅಕ್ಷರವನ್ನು ಮರೆಯಲಾರರು.

ಹೊರಡುವ ಮುನ್ನ

ಬೇಕಾಗುವುದು ಹನ್ನೆರಡು ವರ್ಷದ ಶಾಲಾ ಓದು, ಒಂದಿಷ್ಟು ಜಪಾನಿ ಮತ್ತು ಖರ್ಚು ನಿಭಾಯಿಸಬಲ್ಲೆವೆಂಬುದಕ್ಕೆ ದಾಖಲೆ. ವೀಸಾಕ್ಕೆ ಮೊದಲು ಅರ್ಹತಾ ಪತ್ರ ಬೇಕು. ಶಾಲೆಯೇ ಅದಕ್ಕೆ ಅರ್ಜಿ ಹಾಕುತ್ತದೆ. ಸುಮಾರು ಆರು ತಿಂಗಳು ಮುಂಚೆ ಸಿದ್ಧತೆ ಆರಂಭಿಸಬೇಕು. ಅನುಮತಿ ಪಡೆದು ವಾರಕ್ಕೆ 28 ಗಂಟೆ ದುಡಿಯಬಹುದು. ಆ ದುಡಿಮೆಯಿಂದಲೇ ಶುಲ್ಕ ಕಟ್ಟುತ್ತೇನೆಂದು ಸಾಲ ಮಾಡಿ ಹೊರಡಬೇಡಿ. ಗಂಟೆ ಮೀರಿದರೆ ವೀಸಾಕ್ಕೇ ಕುತ್ತು. 2024ರ ಏಪ್ರಿಲ್‌ನಿಂದ ಭಾಷಾ ಶಾಲೆಗಳಿಗೆ ಶಿಕ್ಷಣ ಸಚಿವಾಲಯದ ಮಾನ್ಯತೆ ಕೊಡುವ ಹೊಸ ಕಾಯ್ದೆ ಜಾರಿಗೆ ಬಂದಿದೆ. ಏಜೆಂಟರ ಮಾತು ಕೇಳುವ ಮುಂಚೆ ಶಾಲೆಯ ಮಾನ್ಯತೆ ಪರೀಕ್ಷಿಸಿ.

ದಾರಿ ಶುರುವಾಗುವುದು ಮಾತ್ರ ಮನೆಯಲ್ಲೇ. ಹಿರಾಗಾನ ತಿದ್ದಲು ಒಂದು ನೋಟುಬುಕ್ಕು ಸಾಕು. ಜಪಾನಿ ಭಾಷಾ ಸಾಮರ್ಥ್ಯ ಅಳೆಯುವ, ಐದು ಹಂತಗಳ ಜೆಎಲ್‌ಪಿಟಿ ಪರೀಕ್ಷೆಗೆ ಬೆಂಗಳೂರಿನಲ್ಲೇ ಕೇಂದ್ರವಿದೆ. ಗಜೇಂದ್ರಗಡದಿಂದ ಒಂದು ರಾತ್ರಿಯ ಬಸ್ ಪಯಣ. ಮೊದಲ ಮೆಟ್ಟಿಲಾದ ಎನ್5 ಹತ್ತಿದರೆ, ಲಕ್ಷಗಟ್ಟಲೆ ಖರ್ಚು ಮಾಡುವ ಮೊದಲೇ ಈ ಭಾಷೆ ನಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಅನುಮಾನ ಇದ್ದವರಿಗೆ ಜಪಾನಿ ಗುರು ಹೇಳುವುದು ‘ಯತ್ತೆ ಮಿತೆ’ ಎಂದು. ಅವ್ವನ ಮಾತಿನಲ್ಲಿ ಹೇಳುವುದಾದರೆ, ಮಾಡಿ ನೋಡು.