ಪ್ರಯಾಣಿಕರುಂಟು, ವಿಮಾನಗಳಿಲ್ಲ!

ಹೊಚ್ಚಹೊಸದೆನ್ನಬಹುದಾದ ವಿಮಾನ. ಮೈಮೇಲಿನ ಬಣ್ಣ ಮಾಸಿಲ್ಲ; ಒಳಗಿನ ಆಸನಗಳ ಹೊದಿಕೆ ಸವೆದಿಲ್ಲ. ಆದರೂ ಅದು ನಿಲ್ದಾಣದ ಒಂದು ಮೂಲೆಯಲ್ಲಿ ತಿಂಗಳುಗಟ್ಟಲೆ ನಿಂತೇ ಇದೆ. ಸಮೀಪಕ್ಕೆ ಹೋಗಿ ನೋಡಿದವರಿಗೆ ಕಾರಣ ತಾನಾಗಿ ತಿಳಿಯುತ್ತದೆ: ರೆಕ್ಕೆಗಳ ಕೆಳಗೆ ಎಂಜಿನ್ನುಗಳೇ ಇಲ್ಲ! ಸಮತೂಕ ತಪ್ಪಿ ವಿಮಾನ ಹಿಂದಕ್ಕೆ ವಾಲದಿರಲೆಂದು ಅವುಗಳ ಸ್ಥಾನದಲ್ಲಿ ಭಾರವಾದ ತೂಕಗಳನ್ನು ತೂಗುಹಾಕಿದ್ದಾರೆ. 2023ರಿಂದೀಚೆಗೆ, ನಮ್ಮ ದೇಶದ ನಿಲ್ದಾಣಗಳೂ ಸೇರಿದಂತೆ, ಪ್ರಪಂಚದ ಅನೇಕ ಕಡೆಗಳಲ್ಲಿ ಈ ದೃಶ್ಯ ಕಾಣಬಂದಿದೆ.

ವಿಮಾನಗಳು ಸಾಲುಸಾಲಾಗಿ ನಿಂತುದನ್ನು ಲೋಕ ಮೊದಲೂ ಕಂಡಿತ್ತು. 2020ರಲ್ಲಿ ಕೊರೋನಾ ಮಹಾಮಾರಿ ಹಬ್ಬಿದಾಗ ಸ್ಪೇನಿನ ತೆರುಯೆಲ್, ಆಸ್ಟ್ರೇಲಿಯದ ಆಲಿಸ್ ಸ್ಪ್ರಿಂಗ್ಸ್ ಮೊದಲಾದ ಒಣಹವೆಯ ಬಯಲುಗಳಲ್ಲಿ ದೈತ್ಯ ವಿಮಾನಗಳು ಬಿಸಿಲು ಕಾಯಿಸುತ್ತ ನಿಂತಿದ್ದವು. 2019ರಲ್ಲಿ ಸುಮಾರು 450 ಕೋಟಿಯಷ್ಟಿದ್ದ ಪ್ರಯಾಣಿಕರ ಸಂಖ್ಯೆ ಮರುವರ್ಷ 180 ಕೋಟಿಗೆ ಇಳಿಯಿತು. ಆ ಒಂದೇ ವರ್ಷದಲ್ಲಿ ವಿಮಾನ ಕಂಪನಿಗಳೆಲ್ಲ ಸೇರಿ ಕಳೆದುಕೊಂಡ ಹಣ 13,700 ಕೋಟಿ ಡಾಲರಿಗೂ ಹೆಚ್ಚು. ಅಂದು ವಿಮಾನಗಳಿದ್ದವು, ಏರುವವರಿರಲಿಲ್ಲ. ಇಂದಿನ ಸಂಕಟ ಅದಕ್ಕೆ ತೀರ ವಿಪರೀತವಾದುದು. 2024ರಲ್ಲಿ ವಿಮಾನಸಂಚಾರ 2019ರ ಮಟ್ಟವನ್ನೂ ದಾಟಿತು. ನೂರು ಆಸನಗಳಲ್ಲಿ ಎಂಬತ್ತಮೂರಕ್ಕಿಂತ ಹೆಚ್ಚು ಆಸನಗಳು ತುಂಬಿದವು. ಇದು ಹಿಂದೆಂದೂ ಇಲ್ಲದ ದಾಖಲೆ. ಏರುವವರು ಸಾಲುಗಟ್ಟಿ ನಿಂತಿರುವಾಗ ವಿಮಾನಗಳಿಗೆ ಕೊರತೆ ಬಂದುದು ಹೇಗೆ?

ಪುಡಿಯಲ್ಲಿ ಅಡಗಿದ್ದ ಕಣ

ಈ ಕಥೆ ಆರಂಭವಾಗುವುದು ಒಂದು ಒಳ್ಳೆಯ ಉದ್ದೇಶದಿಂದ. ವಿಮಾನ ಕಂಪನಿಯ ವೆಚ್ಚದಲ್ಲಿ ಇಂಧನದ್ದೇ ದೊಡ್ಡ ಪಾಲು. ಸಾಧಾರಣ ವರ್ಷದಲ್ಲಿ ನಾಲ್ಕರಲ್ಲಿ ಒಂದು ಭಾಗ, ತೈಲದ ಬೆಲೆ ಏರಿದಾಗ ಮೂರರಲ್ಲಿ ಒಂದು ಭಾಗ. ಅಮೆರಿಕದ ಪ್ರಾಟ್ ಅಂಡ್ ವಿಟ್ನಿ ಕಂಪನಿಯವರು ಇದನ್ನು ತಗ್ಗಿಸಲು ಹೊಸ ಬಗೆಯ ಎಂಜಿನ್ನೊಂದನ್ನು ರೂಪಿಸಿದರು. ಜೆಟ್ ಎಂಜಿನ್ನಿನ ಒಳಗಿನ ಟರ್ಬೈನು ವೇಗವಾಗಿ ತಿರುಗಿದಷ್ಟೂ ಲೇಸು. ಮುಂದಿರುವ ದೊಡ್ಡ ಬೀಸಣಿಗೆಯಾದರೋ ನಿಧಾನವಾಗಿ ತಿರುಗಿದರೆ ಮೇಲು. ಎರಡನ್ನೂ ಒಂದೇ ದಂಡಕ್ಕೆ ಕಟ್ಟಿದರೆ ಇಬ್ಬರು ಹೆಂಡಿರ ಗಂಡನ ಪಾಡು, ಯಾರಿಗೂ ಸಮಾಧಾನವಿಲ್ಲ. ಪ್ರಾಟ್ ತಜ್ಞರು ನಡುವೆ ಹಲ್ಲುಚಕ್ರಗಳ ಒಂದು ಪೆಟ್ಟಿಗೆಯನ್ನಿಟ್ಟು, ಬೀಸಣಿಗೆ ಮೂರರಲ್ಲೊಂದು ಭಾಗದ ವೇಗದಲ್ಲಿ ತಿರುಗುವಂತೆ ಮಾಡಿದರು. ಇದಕ್ಕೆ ಹಿಡಿದ ಕಾಲ ಸುಮಾರು ಇಪ್ಪತ್ತು ವರ್ಷ. ಹದಿನೈದು ಹದಿನಾರು ಶತಾಂಶ ಇಂಧನ ಉಳಿಯುವುದೆಂಬ ಭರವಸೆ ದೊರೆಯಿತು, ಗದ್ದಲವೂ ಕಡಿಮೆ. 2016ರ ಜನವರಿಯಲ್ಲಿ ಜರ್ಮನಿಯ ಲುಫ್ತಾನ್ಸಾ ಕಂಪನಿ ಈ ಎಂಜಿನ್ನಿನ ಏರ್‌ಬಸ್ ಎ320 ನಿಯೋ ವಿಮಾನವನ್ನು ಮೊದಲು ಹಾರಿಸಿತು. ಅದೇ ವರ್ಷ ಭಾರತದ ಇಂಡಿಗೊ, ಗೋಏರ್ ಕಂಪನಿಗಳೂ ಅದನ್ನು ಕೊಂಡವು.

ತೊಂದರೆಗಳು ಬೇಗನೆ ತಲೆದೋರಿದವು. 2018ರ ಮಾರ್ಚಿನಲ್ಲಿ ನಮ್ಮ ನಾಗರಿಕ ವಿಮಾನಯಾನ ನಿರ್ದೇಶನಾಲಯ ಈ ಎಂಜಿನ್ನಿನ ಹನ್ನೊಂದು ವಿಮಾನಗಳನ್ನು ಹಾರದಂತೆ ನಿಲ್ಲಿಸಬೇಕಾಯಿತು. ನಮ್ಮಂಥ ಉಷ್ಣದೇಶದ ಧೂಳು ಬೆರೆತ ಗಾಳಿಯನ್ನು ನುಂಗಿ ಎಂಜಿನ್ನುಗಳು ನಿರೀಕ್ಷಿಸಿದುದಕ್ಕಿಂತ ಬೇಗ ಸವೆಯುತ್ತಿದ್ದವು. ಇವೆಲ್ಲ ಸಣ್ಣ ಪುಟ್ಟ ಕಾಯಿಲೆಗಳು. ನಿಜವಾದ ರೋಗ ಹೊರಬಿದ್ದುದು 2023ರ ಜುಲೈನಲ್ಲಿ.

ಎಂಜಿನ್ನಿನ ಒಳಗೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಲೋಹಚಕ್ರಗಳನ್ನು ಎರಕ ಹೊಯ್ದು ಮಾಡುವುದಿಲ್ಲ. ನಿಕ್ಕಲ್ ಮಿಶ್ರಲೋಹವನ್ನು ಮೈದಾ ಹಿಟ್ಟಿನಂತೆ ನಯವಾದ ಪುಡಿ ಮಾಡಿ, ಅತಿಯಾದ ಕಾವಿನಲ್ಲಿ, ಅತಿಯಾದ ಒತ್ತಡದಲ್ಲಿ ಅಡಕಿಸಿ ಗಟ್ಟಿಗೊಳಿಸುತ್ತಾರೆ. ಹೀಗೆ ಮಾಡಿದ ಚಕ್ರಕ್ಕೆ ಸರಿಸಮನಾದ ಬಲ ಬೇರೆ ವಿಧಾನದಲ್ಲಿ ಬಾರದು. ಆದರೆ 2015ರ ಕೊನೆಯಿಂದ 2021ರವರೆಗೆ ತಯಾರಾದ ಪುಡಿಯಲ್ಲಿ ಕಣ್ಣಿಗೆ ಕಾಣದಷ್ಟು ಕಲ್ಮಷ ಸೇರಿಹೋಗಿತ್ತು. ಕಣ ಇದ್ದ ಕಡೆ, ಕಾಲಕ್ರಮದಲ್ಲಿ, ಬಿರುಕು ಹುಟ್ಟಬಹುದು. ಎಂಜಿನ್ನಿನ ಸಣ್ಣ ಅಲಗೊಂದು ಮುರಿದರೆ ಹೊರಗಿನ ಕವಚ ಅದನ್ನು ತಡೆಯುತ್ತದೆ. ಇಂಥ ಭಾರಿ ಚಕ್ರ ಸೀಳಿದರೆ ತಡೆಯುವ ಕವಚವಿಲ್ಲ. ಆದುದರಿಂದ ಬೇರೆ ದಾರಿಯೇ ಇರಲಿಲ್ಲ: ನೂರಾರು ಎಂಜಿನ್ನುಗಳನ್ನು ರೆಕ್ಕೆಯಿಂದ ಬಿಚ್ಚಿ, ಕಳಚಿ, ಶಬ್ದತರಂಗಗಳಿಂದ ಪರೀಕ್ಷಿಸಿ, ಸಂಶಯವಿದ್ದ ಚಕ್ರಗಳನ್ನು ಬದಲಾಯಿಸಬೇಕು. ಒಂದೊಂದಕ್ಕೂ 250ರಿಂದ 300 ದಿನಗಳು ಬೇಕಾಗುವುವೆಂದೂ 2026ರವರೆಗೆ ಸರಾಸರಿ 350 ವಿಮಾನಗಳು ನೆಲಕಚ್ಚಿ ನಿಲ್ಲುವುವೆಂದೂ ಕಂಪನಿಯೇ 2023ರ ಸೆಪ್ಟೆಂಬರಿನಲ್ಲಿ ಒಪ್ಪಿಕೊಂಡಿತು. ರೆಕ್ಕೆಯ ಕೆಳಗಿನ ಆ ಬರಿದಾದ ಜಾಗದ ಅರ್ಥ ಇದು.

ಈ ಸುದ್ದಿ ಹೊರಬೀಳುವ ಮೊದಲೇ ನಮ್ಮಲ್ಲಿ ಒಂದು ಕಂಪನಿ ಬಲಿಯಾಗಿತ್ತು. ಗೋಏರ್ ಕಂಪನಿ 2021ರಲ್ಲಿ ಗೋ ಫಸ್ಟ್ ಎಂದು ಹೆಸರು ಬದಲಾಯಿಸಿಕೊಂಡಿತ್ತು. ತನ್ನ ವಿಮಾನಗಳಲ್ಲಿ ಸುಮಾರು ಅರ್ಧದಷ್ಟು ಒಳ್ಳೆಯ ಎಂಜಿನ್ನುಗಳಿಲ್ಲದೆ ನಿಂತಿವೆ ಎಂದು ಹೇಳಿ ಅದು 2023ರ ಮೇ 2ರಂದು ದಿವಾಳಿ ನ್ಯಾಯಮಂಡಳಿಯ ಬಾಗಿಲು ತಟ್ಟಿತು. ದೋಷ ತನ್ನದಲ್ಲವೆಂದು ಎಂಜಿನ್ ಕಂಪನಿ ವಾದಿಸಿತು. ಯಾರ ದೋಷವೇ ಆಗಲಿ, ಮಾರನೆಯ ದಿನದಿಂದ ವಿಮಾನಗಳು ನಿಂತವು, ಬೇಸಗೆಯ ರಜೆಗೆಂದು ಟಿಕೆಟು ಕೊಂಡವರು ಹಣಕ್ಕಾಗಿ ಕಾಯುತ್ತ ಕುಳಿತರು, ಸಿಬ್ಬಂದಿ ಸಂಬಳಕ್ಕಾಗಿ. 2025ರ ಜನವರಿಯಲ್ಲಿ ಕಂಪನಿಯನ್ನು ಮುಚ್ಚಿಬಿಡುವಂತೆ ನ್ಯಾಯಮಂಡಳಿ ಆಜ್ಞಾಪಿಸಿತು.

ಕಾರ್ಖಾನೆಯಲ್ಲಿಯೂ ಸಾಲು

ಹಳೆಯ ವಿಮಾನ ನಿಂತರೆ ಹೊಸದನ್ನು ಕೊಳ್ಳಬಾರದೆ? ಕೊಳ್ಳಬಹುದು, ಆದರೆ ಕೊಡುವವರಾರು? ದೊಡ್ಡ ಪ್ರಯಾಣಿಕ ವಿಮಾನಗಳನ್ನು ಕಟ್ಟುವ ಅಂಗಡಿಗಳು ಪ್ರಪಂಚದಲ್ಲಿ ಮುಖ್ಯವಾಗಿ ಎರಡೇ: ಯೂರೋಪಿನ ಏರ್‌ಬಸ್, ಅಮೆರಿಕದ ಬೋಯಿಂಗ್.

ಬೋಯಿಂಗ್ ಕಂಪನಿಯ 737 ಮ್ಯಾಕ್ಸ್ ವಿಮಾನಗಳೆರಡು, 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯದಲ್ಲಿಯೂ 2019ರ ಮಾರ್ಚಿನಲ್ಲಿ ಇಥಿಯೋಪಿಯದಲ್ಲಿಯೂ ಉರುಳಿ 346 ಮಂದಿ ಪ್ರಾಣಬಿಟ್ಟರು. ಆ ಮಾದರಿಯ ವಿಮಾನ ಲೋಕದಲ್ಲೆಲ್ಲ ಇಪ್ಪತ್ತು ತಿಂಗಳು ನಿಂತಿತು. ಮೆಲ್ಲಗೆ ಚೇತರಿಸಿಕೊಳ್ಳುತ್ತಿರುವಾಗಲೇ 2024ರ ಜನವರಿ 5ರಂದು ಅಲಾಸ್ಕಾ ಏರ್‌ಲೈನ್ಸಿನ ವಿಮಾನವೊಂದರಲ್ಲಿ, ಅದು ಹಾರಿದ ಕೆಲವೇ ನಿಮಿಷಗಳಲ್ಲಿ, ಬಳಕೆಯಿಲ್ಲದ ಬಾಗಿಲಿನ ತೆರವನ್ನು ಮುಚ್ಚಿದ್ದ ಫಲಕವೇ ಕಿತ್ತುಹೋಯಿತು. ದೈವವಶಾತ್ ಯಾರೂ ಸಾಯಲಿಲ್ಲ. ತನಿಖೆ ಮಾಡಿದವರು ಕಂಡುಕೊಂಡ ಸತ್ಯ ಎಷ್ಟು ಸಣ್ಣದು, ಎಷ್ಟು ಭಯಂಕರ! ಫಲಕವನ್ನು ಹಿಡಿದಿಡಬೇಕಾಗಿದ್ದ ನಾಲ್ಕು ಬೋಲ್ಟುಗಳನ್ನು ಕಾರ್ಖಾನೆಯಲ್ಲಿ ಬಿಚ್ಚಿದವರು ಮತ್ತೆ ಹಾಕಿಯೇ ಇರಲಿಲ್ಲ. ಈ ಮಾದರಿಯನ್ನು ತಿಂಗಳಿಗೆ 38ಕ್ಕಿಂತ ಹೆಚ್ಚು ಕಟ್ಟಕೂಡದೆಂದು ಅಮೆರಿಕದ ಸರ್ಕಾರಿ ಇಲಾಖೆ ಕಟ್ಟು ಹಾಕಿತು. ಅದೇ ವರ್ಷ 33,000 ಕೆಲಸಗಾರರು ಏಳು ವಾರಗಳ ಮುಷ್ಕರ ಹೂಡಿದರು. 2024ರಲ್ಲಿ ಬೋಯಿಂಗ್ ಒಪ್ಪಿಸಿದ ವಿಮಾನಗಳು 348 ಮಾತ್ರ. 2019ರಲ್ಲಿ 863 ವಿಮಾನಗಳನ್ನು ಕೊಟ್ಟಿದ್ದ ಏರ್‌ಬಸ್ಸಿಗೂ 766ನ್ನು ದಾಟಲಾಗಲಿಲ್ಲ. ವಿಮಾನವೊಂದರ ಬಿಡಿಭಾಗಗಳು ಒಂದೇ ಊರಿನಲ್ಲಿ ಹುಟ್ಟುವುದಿಲ್ಲ. ಎ320 ವಿಮಾನದ ಮುಂಬಾಗಿಲುಗಳು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ತಯಾರಾಗಿ ಯೂರೋಪಿಗೆ ಹೋದದ್ದುಂಟು. ಎಲ್ಲೋ ಒಂದು ಕಡೆ ಒಂದು ಸಾಮಾನು ತಡವಾದರೆ ಇಡೀ ವಿಮಾನ ತಡ.

ಇತ್ತ ಬೇಡಿಕೆಯೋ! ಏರ್ ಇಂಡಿಯಾ 2023ರ ಫೆಬ್ರವರಿಯಲ್ಲಿ 470 ವಿಮಾನಗಳನ್ನು, ಇಂಡಿಗೊ ಅದೇ ಜೂನಿನಲ್ಲಿ 500 ವಿಮಾನಗಳನ್ನು ಕೇಳಿದವು. 2024ರ ಕೊನೆಗೆ ಪ್ರಪಂಚದ ಕಂಪನಿಗಳು ಕೇಳಿ ಕೈಗೆ ಬಾರದೆ ಉಳಿದಿದ್ದ ವಿಮಾನಗಳ ಸಂಖ್ಯೆ 17,000. ಅಂದಿನ ವೇಗದಲ್ಲಿ ಕಟ್ಟಿದರೆ ಅವನ್ನು ಮುಗಿಸಲು ಹದಿನಾಲ್ಕು ವರ್ಷ ಬೇಕು.

ತಲೆಗೆ ಏಳು ಡಾಲರು

ಟಿಕೆಟಿನ ಬೆಲೆ ಕಂಡು ಹುಬ್ಬೇರಿಸುವ ಗೃಹಸ್ಥನು, ಇಷ್ಟೆಲ್ಲ ಗಿರಾಕಿಗಳಿರುವಾಗ ವಿಮಾನ ಕಂಪನಿಗಳು ಕೊಪ್ಪರಿಗೆ ಹಣ ಬಾಚುತ್ತಿರಬೇಕೆಂದು ಭಾವಿಸುವುದು ಸಹಜ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾ 2025ರ ಜೂನಿನಲ್ಲಿ ಹಾಕಿದ ಲೆಕ್ಕ ಬೇರೆ ಕಥೆ ಹೇಳುತ್ತದೆ. ಆ ವರ್ಷ ಪ್ರತಿ ಪ್ರಯಾಣಿಕನಿಂದ ಕಂಪನಿಗೆ ಉಳಿಯಬಹುದಾದ ಲಾಭ 7 ಡಾಲರು 20 ಸೆಂಟು, ಅಂದರೆ ಆರುನೂರು ರೂಪಾಯಿಗೆ ಸ್ವಲ್ಪ ಮೇಲೆ. ನೂರು ರೂಪಾಯಿ ವರಮಾನಕ್ಕೆ ನಾಲ್ಕು ರೂಪಾಯಿಯೂ ಇಲ್ಲ. ಸಂಘವು ತನ್ನವರ ಬಡತನವನ್ನು ತುಸು ದೊಡ್ಡದು ಮಾಡಿ ಹೇಳಿಕೊಳ್ಳುವುದು ಸಹಜವೇ. ಆದರೆ ಮುಚ್ಚಿಹೋದ ಕಂಪನಿಗಳ ಪಟ್ಟಿ ಸುಳ್ಳಾಡುವುದಿಲ್ಲ.

ಕನ್ನಡಿಗರಿಗೆ ಇದು ದೂರದ ಮಾತಲ್ಲ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು 2003ರ ಆಗಸ್ಟಿನಲ್ಲಿ ಬೆಂಗಳೂರಿನಿಂದ ಹುಬ್ಬಳ್ಳಿಗೆ ಏರ್ ಡೆಕ್ಕನ್ ವಿಮಾನವನ್ನು ಹಾರಿಸಿದಾಗ, ಅದುವರೆಗೆ ಆಕಾಶದಲ್ಲಿ ವಿಮಾನವನ್ನು ಕತ್ತೆತ್ತಿ ನೋಡಿದವರೇ ಟಿಕೆಟು ಕೊಂಡು ಏರಿದರು. ಒಂದು ರೂಪಾಯಿಯ ಟಿಕೆಟು ಮನೆಮಾತಾಯಿತು. ಕೆಲವೇ ವರ್ಷಗಳಲ್ಲಿ ಆ ಕಂಪನಿ ಕಿಂಗ್‌ಫಿಷರಿನಲ್ಲಿ ಲೀನವಾಯಿತು. ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಜೆಟ್ ಏರ್‌ವೇಸ್ 2019ರಲ್ಲಿ. ಜನರಿಗೆ ಹಾರುವ ಅಭ್ಯಾಸ ಹಿಡಿಸಿದವರು ತಾವೇ ನೆಲಕ್ಕಿಳಿದರು.

ಇನ್ನೊಂದು ಸಂಗತಿ ಅನೇಕರಿಗೆ ಹೊಸದಾಗಿರಬಹುದು. ವಿಮಾನದ ಮೈಮೇಲೆ ಯಾರ ಹೆಸರಿದೆಯೋ ವಿಮಾನ ಅವರದೇ ಎಂದು ತಿಳಿಯುವಂತಿಲ್ಲ. ಲೋಕದ ವಿಮಾನಗಳಲ್ಲಿ ಸುಮಾರು ಅರ್ಧ ಬಾಡಿಗೆಯವು. ಮಾಲೀಕರಲ್ಲಿ ಅನೇಕರು ಐರ್ಲೆಂಡಿನಲ್ಲಿದ್ದಾರೆ. ಆ ಪುಟ್ಟ ದೇಶದಲ್ಲಿ ಟೋನಿ ರಯನ್ ಎಂಬಾತ 1975ರಲ್ಲಿ ಹೂಡಿದ ವ್ಯವಹಾರದ ಫಲವಿದು. ವಿಮಾನ ನಿಂತರೂ ಮನೆಬಾಡಿಗೆಯಂತೆ ಅದರ ಬಾಡಿಗೆ ನಿಲ್ಲುವುದಿಲ್ಲ. ಗೋ ಫಸ್ಟ್ ಮುಚ್ಚಿದಾಗ ತಮ್ಮ ವಿಮಾನಗಳನ್ನು ಬಿಡಿಸಿಕೊಳ್ಳಲು ಈ ಮಾಲೀಕರು ದೆಹಲಿಯ ಉಚ್ಚ ನ್ಯಾಯಾಲಯದಲ್ಲಿ ಸುಮಾರು ಒಂದು ವರ್ಷ ಹೋರಾಡಬೇಕಾಯಿತು. ಅವರ ಭಯ ನಿವಾರಣೆಗಾಗಿಯೇ ನಮ್ಮ ಸಂಸತ್ತು 2025ರಲ್ಲಿ ಹೊಸ ಕಾನೂನೊಂದನ್ನು ಮಾಡಿತು.

ಸಾಲದುದಕ್ಕೆ ಆಕಾಶಕ್ಕೂ ಬೇಲಿಗಳೆದ್ದಿವೆ. 2022ರಲ್ಲಿ ಉಕ್ರೇನಿನ ಯುದ್ಧ ಮೊದಲಾದ ಮೇಲೆ ರಷ್ಯವು ಯೂರೋಪಿನ ವಿಮಾನಗಳಿಗೆ ತನ್ನ ಆಕಾಶವನ್ನು ಮುಚ್ಚಿತು. ಹೆಲ್ಸಿಂಕಿಯಿಂದ ಒಂಬತ್ತು ಗಂಟೆಗಳಲ್ಲಿ ಟೋಕಿಯೋ ಸೇರುತ್ತಿದ್ದ ಫಿನ್ಏರ್ ವಿಮಾನ ಉತ್ತರ ಧ್ರುವವನ್ನು ಬಳಸಿ ಹದಿಮೂರು ಗಂಟೆ ಹಾರಬೇಕಾಯಿತು. 2025ರ ಏಪ್ರಿಲಿನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಮುಚ್ಚಿದಾಗ ಪಶ್ಚಿಮದತ್ತ ಹೋಗುವ ನಮ್ಮ ವಿಮಾನಗಳಿಗೂ ಅದೇ ಸುತ್ತುದಾರಿ. ಸುತ್ತಿದಷ್ಟೂ ಇಂಧನ, ಇಂಧನದಷ್ಟೂ ವೆಚ್ಚ, ಹೊಗೆ. ಹೊಗೆ ತಗ್ಗಿಸಲು ಕರಿದ ಎಣ್ಣೆ ಮೊದಲಾದವುಗಳಿಂದ ಮಾಡುವ ಹೊಸ ಇಂಧನ ಬಂದಿದೆಯಾದರೂ 2024ರಲ್ಲಿ ಒಟ್ಟು ಬಳಕೆಯ ಸಾವಿರ ಪಾಲಿನಲ್ಲಿ ಅದರದು ಮೂರೇ ಪಾಲು. ಬೆಲೆಯಂತೂ ದುಪ್ಪಟ್ಟಿಗಿಂತ ಕಡಿಮೆಯಿಲ್ಲ.

ವಧೂವರರಿಲ್ಲದ ಆರತಕ್ಷತೆ

ಕೊರತೆ ಯಂತ್ರಗಳದಷ್ಟೇ ಅಲ್ಲ. ಚಾಲಕರು ದಣಿದರೆ ಅಪಾಯವೆಂದು ನಮ್ಮ ನಿರ್ದೇಶನಾಲಯ ಅವರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48ಕ್ಕೆ ಏರಿಸಿತು. ರಾತ್ರಿಯ ವೇಳೆ ಇಳಿಸಬಹುದಾದ ಸಲಗಳನ್ನು ಆರರಿಂದ ಎರಡಕ್ಕೆ ಇಳಿಸಿತು. ಎರಡನೆಯ ಹಂತದ ನಿಯಮಗಳು 2025ರ ನವೆಂಬರ್ 1ರಂದು ಜಾರಿಗೆ ಬಂದವು. ಬಹಳ ಮುಂಚೆಯೇ ಗೊತ್ತಿದ್ದ ನಿಯಮಗಳಿವು. ಆದರೂ ದೇಶದೊಳಗಿನ ನೂರು ಪ್ರಯಾಣಿಕರಲ್ಲಿ ಅರುವತ್ತಕ್ಕೂ ಹೆಚ್ಚು ಮಂದಿಯನ್ನು ಒಯ್ಯುತ್ತಿದ್ದ ಇಂಡಿಗೊ ಕಂಪನಿಯ ವೇಳಾಪಟ್ಟಿ ಡಿಸೆಂಬರಿನ ಮೊದಲ ವಾರದಲ್ಲಿ ಕುಸಿದುಬಿತ್ತು. 5ನೆಯ ತಾರೀಖಿನಂದು ಒಂದೇ ದಿನ ಸಾವಿರಕ್ಕಿಂತ ಹೆಚ್ಚು ವಿಮಾನಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಜನ ನೆಲದ ಮೇಲೆ ಮಲಗಿದರು. ಬೇರೆ ಕಂಪನಿಗಳ ಟಿಕೆಟು ಗಗನಕ್ಕೇರಿದಾಗ ಸರ್ಕಾರವೇ ದರಕ್ಕೆ ಮಿತಿ ಹಾಕಬೇಕಾಯಿತು. ಹುಬ್ಬಳ್ಳಿಯಲ್ಲಿ ಆರತಕ್ಷತೆ ಏರ್ಪಾಡಾಗಿದ್ದ ನವದಂಪತಿಗಳು ಭುವನೇಶ್ವರದಲ್ಲಿಯೇ ಸಿಕ್ಕಿಕೊಂಡರು. ಅತಿಥಿಗಳು ಬಂದುಬಿಟ್ಟಿದ್ದರು, ವೇದಿಕೆಯ ಮೇಲೆ ವಧುವಿನ ತಂದೆತಾಯಿಗಳು ಕುಳಿತರು, ವಧೂವರರು ಪರದೆಯ ಮೇಲೆ ಮೂಡಿ ಕೈಮುಗಿದರು. ಕೊನೆಗೆ ಕಂಪನಿಗೆ ಕೆಲಕಾಲದ ವಿನಾಯಿತಿ ದೊರೆಯಿತು. ಚಾಲಕರ ಸಂಘಗಳು ಇದನ್ನು ಆಕ್ಷೇಪಿಸಿದವು. ಅವರ ಆಕ್ಷೇಪ ನ್ಯಾಯವಾದುದೇ. ಸೋತ ಕಣ್ಣುಗಳು ವಿನಾಯಿತಿಯಿಂದ ಎಚ್ಚರಗೊಳ್ಳುವುದಿಲ್ಲ.

ಹೊಸ ವಿಮಾನಗಳು ಬಾರದೆ ಹೋದುದರಿಂದ ಹಳೆಯವನ್ನೇ ಕಂಪನಿಗಳು ನೆಚ್ಚಿವೆ. ಲೋಕದ ವಿಮಾನಗಳ ಸರಾಸರಿ ವಯಸ್ಸು 2024ರಲ್ಲಿ ಸುಮಾರು ಹದಿನೈದು ವರ್ಷಕ್ಕೇರಿತು. ಮುದಿ ವಿಮಾನಗಳು ಹೀಗೆ ದುಡಿಯುತ್ತಿರುವಾಗ, ಹತ್ತು ವರ್ಷವೂ ತುಂಬದ ಕೆಲವು ಎ320 ನಿಯೋ ವರ್ಗದ ವಿಮಾನಗಳನ್ನು ಗುಜರಿಗೆ ಒಯ್ದು ಕಳಚಿದ್ದಾರೆ. ಅವುಗಳಲ್ಲಿ ದೋಷವೇನೂ ಇರಲಿಲ್ಲ. ಇಡೀ ವಿಮಾನವನ್ನು ಹಾರಿಸುವುದಕ್ಕಿಂತ ಅದರ ಎರಡು ಎಂಜಿನ್ನುಗಳನ್ನು ಬಿಚ್ಚಿ ಬಾಡಿಗೆಗೆ ಕೊಟ್ಟರೆ ಹೆಚ್ಚು ಹಣ ಹುಟ್ಟುತ್ತದೆಂದು ಮಾಲೀಕರು ಲೆಕ್ಕ ಹಾಕಿದ್ದರು.