ಮತಪೆಟ್ಟಿಗೆಯ ಮುಂದೆ ಬಾಗಿದ ವೀರ

2008ನೆಯ ಇಸವಿ, ಜನವರಿ 30ನೆಯ ತಾರೀಖು. ಅಮೆರಿಕ ಸಂಯುಕ್ತ ಸಂಸ್ಥಾನದ ಕ್ಯಾಲಿಫೋರ್ನಿಯದಲ್ಲಿ, ಹಿಂದಿನ ಅಧ್ಯಕ್ಷ ರೊನಾಲ್ಡ್ ರೇಗನ್ನರ ಹೆಸರಿನ ಗ್ರಂಥಾಲಯ. ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಪದವಿಗೆ ನಿಲ್ಲಬಯಸಿದ ನಾಲ್ವರು ಉಮೇದುವಾರರು ವೇದಿಕೆಯ ಮೇಲೆ ಕುಳಿತಿದ್ದರು. ಅವರಲ್ಲಿ ಒಬ್ಬರಾದ ಸೆನೆಟರ್ ಜಾನ್ ಮೆಕೇನ್ ಅವರಿಗೆ ಪತ್ರಕರ್ತೆಯೊಬ್ಬರು ಒಂದು ಸರಳವಾದ ಪ್ರಶ್ನೆ ಹಾಕಿದರು. ವಲಸಿಗರ ವಿಷಯದಲ್ಲಿ ತಾವೇ ತಂದಿದ್ದ ಮಸೂದೆ ಮತ್ತೆ ಸೆನೆಟ್ಟಿನ ಮುಂದೆ ಬಂದರೆ, ಅದಕ್ಕೆ ತಾವು ಮತ ಕೊಡುವಿರಾ?

ಮೆಕೇನ್ ಮೊದಲು ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಲು ನೋಡಿದರು. ಆ ಮಸೂದೆ ಮತ್ತೆ ಬರುವ ಮಾತೇ ಇಲ್ಲವೆಂದರು. ಪ್ರಶ್ನೆ ಮರಳಿ ಬಂದಿತು. ಕೊಡುವುದಿಲ್ಲ, ಜನರು ಮೊದಲು ಗಡಿ ಭದ್ರವಾಗಲೆನ್ನುತ್ತಿದ್ದಾರೆ ಎಂದು ಅವರು ಉತ್ತರಿಸಬೇಕಾಯಿತು. ಹೆತ್ತ ತಂದೆಯೇ ಸಭೆಯ ನಡುವೆ ಮಗುವನ್ನು ತನ್ನದಲ್ಲವೆಂದಂತಾಯಿತು!

ಹೀಗೆಂದವರು ಅಂಜುಬುರುಕರೇನಲ್ಲ. 1967ರ ಅಕ್ಟೋಬರಿನಲ್ಲಿ ಹನೋಯ್ ನಗರದ ಮೇಲೆ ಅವರ ಯುದ್ಧವಿಮಾನ ಉರುಳಿತು. ಎರಡು ತೋಳೂ ಒಂದು ಕಾಲೂ ಮುರಿದ ಸ್ಥಿತಿಯಲ್ಲಿ ಸೆರೆಸಿಕ್ಕಿ ಐದು ವರ್ಷಗಳಿಗೂ ಹೆಚ್ಚು ಕಾಲ ಬಂದಿಯಾಗಿದ್ದರು. 1968ರಲ್ಲಿ ಅವರ ತಂದೆ ಪೆಸಿಫಿಕ್ ವಲಯದ ಅಮೆರಿಕನ್ ಸೇನೆಗಳ ದಂಡನಾಯಕರಾದಾಗ, ಸೆರೆಹಿಡಿದವರು ತಾವಾಗಿಯೇ ಬಿಡುಗಡೆಯ ಮಾತೆತ್ತಿದರು. ತನಗಿಂತ ಮೊದಲು ಸಿಕ್ಕಿಬಿದ್ದವರು ಮೊದಲು ಮನೆ ಸೇರಬೇಕು ಎಂದು ಮೆಕೇನ್ ನಿರಾಕರಿಸಿದರು. ಅನಂತರದ ಚಿತ್ರಹಿಂಸೆಯನ್ನು ತಾಳಲಾರದೆ ಒಮ್ಮೆ ತಪ್ಪೊಪ್ಪಿಗೆಗೆ ರುಜು ಹಾಕಿದ್ದನ್ನೂ ಅವರು ಮುಂದೆ ಲೋಕದಿಂದ ಮುಚ್ಚಿಡಲಿಲ್ಲ. 1973ರಲ್ಲಿ ಬಿಡುಗಡೆಯಾಗಿ ಸ್ವದೇಶಕ್ಕೆ ಮರಳಿದರು. ಅಂಥವರನ್ನು ಬಾಗಿಸಿದ ಶಕ್ತಿ ಯಾವುದು?

ಮರಳುಗಾಡಿನ ಅಂಚಿನಲ್ಲಿ

ಮೆಕೇನ್ ಪ್ರತಿನಿಧಿಸಿದ ಅರಿಜೋನ ಸಂಸ್ಥಾನ ಮೆಕ್ಸಿಕೋ ದೇಶಕ್ಕೆ ಅಂಟಿಕೊಂಡಿದೆ. ಎರಡು ದೇಶಗಳ ನಡುವಿನ ಗಡಿ ಸುಮಾರು 3,100 ಕಿಲೋಮೀಟರು ಉದ್ದ. ಹೊಟ್ಟೆಪಾಡಿಗಾಗಿ ಕದ್ದು ಗಡಿ ದಾಟುವ ಬಡವರು ಅಲ್ಲಿಯ ಮರಳುಗಾಡಿನಲ್ಲಿ ನೀರಿಲ್ಲದೆ ಪ್ರಾಣ ಬಿಟ್ಟ ಸುದ್ದಿ ಆ ಸೀಮೆಯವರಿಗೆ ಹೊಸತಲ್ಲ. 2005ರ ವೇಳೆಗೆ ರಹದಾರಿಯಿಲ್ಲದೆ ಅಮೆರಿಕದಲ್ಲಿ ನೆಲೆಸಿದ್ದವರ ಸಂಖ್ಯೆ ಸುಮಾರು 1 ಕೋಟಿ 10 ಲಕ್ಷವೆಂದು ಅಂದಾಜಾಗಿತ್ತು.

ಆ ವರ್ಷದ ಮೇ ತಿಂಗಳಿನಲ್ಲಿ ಮೆಕೇನ್, ಎದುರು ಪಕ್ಷದ ಹಿರಿಯ ಸೆನೆಟರ್ ಎಡ್ವರ್ಡ್ ಕೆನೆಡಿಯವರೊಡನೆ ಕೈಜೋಡಿಸಿ ಒಂದು ಮಸೂದೆ ಮಂಡಿಸಿದರು. ಇಂಥ ಜನರು ದಂಡ ತೆತ್ತು, ಬಾಕಿ ತೆರಿಗೆ ಕಟ್ಟಿ, ಕೆಲವು ವರ್ಷ ಪ್ರಾಮಾಣಿಕವಾಗಿ ದುಡಿದರೆ ಕಾಯಂ ನೆಲಸಿಕೆಗೆ ಅರ್ಜಿ ಹಾಕಬಹುದೆಂಬುದು ಅದರ ತಿರುಳು. ಅದೇ ಜಾಡಿನ ಇನ್ನೊಂದು ಮಸೂದೆಯನ್ನು 2006ರ ಮೇ ತಿಂಗಳಿನಲ್ಲಿ ಸೆನೆಟ್ಟು 62ಕ್ಕೆ 36 ಮತಗಳಿಂದ ಅಂಗೀಕರಿಸಿತು. ಪ್ರತಿನಿಧಿ ಸಭೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 2007ರಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅವರ ಬೆಂಬಲದಿಂದ ಮತ್ತೊಂದು ಪ್ರಯತ್ನ ನಡೆಯಿತು. ಚರ್ಚೆಯನ್ನು ಮುಗಿಸಿ ನಿರ್ಣಯಕ್ಕೆ ಬರಲು 60 ಮತಗಳು ಬೇಕಾಗಿದ್ದವು. ಜೂನ್ 28ರಂದು ದೊರೆತದ್ದು 46 ಮಾತ್ರ.

ಎರಡು ಪರೀಕ್ಷೆ, ಬೇರೆ ಬೇರೆ ಪರೀಕ್ಷಕರು

ಇಲ್ಲಿ ಅಮೆರಿಕದ ಚುನಾವಣೆಯ ಒಂದು ವೈಶಿಷ್ಟ್ಯವನ್ನು ಓದುಗರು ಗಮನಿಸಬೇಕು. ನಮ್ಮಲ್ಲಿ ಪಕ್ಷದ ಉಮೇದುವಾರರನ್ನು ಮುಖಂಡರು ಕುಳಿತು ಆರಿಸುತ್ತಾರೆ. ಅಲ್ಲಿ ಆ ಆಯ್ಕೆಯೂ ಮತದಾನದಿಂದಲೇ ಆಗುತ್ತದೆ. ಸಂಸ್ಥಾನದಿಂದ ಸಂಸ್ಥಾನಕ್ಕೆ ತಿಂಗಳುಗಟ್ಟಲೆ ನಡೆಯುವ ಇದಕ್ಕೆ ಪ್ರಾಥಮಿಕ ಚುನಾವಣೆ ಎಂದು ಹೆಸರು. ಆದರೆ ಈ ಸುತ್ತಿನಲ್ಲಿ ಮತ ಹಾಕಲು ಬರುವವರು ಕಡಿಮೆ. ಬರುವವರಲ್ಲಿ ಪಕ್ಷದ ಕಟ್ಟಾ ಅಭಿಮಾನಿಗಳೇ ಹೆಚ್ಚು. ಅವರನ್ನು ಮೆಚ್ಚಿಸಿ ಗೆದ್ದವನು ನವೆಂಬರಿನಲ್ಲಿ ಇಡೀ ದೇಶವನ್ನು ಮೆಚ್ಚಿಸಬೇಕು. ಮೊದಲನೆಯ ಪರೀಕ್ಷೆಗೆ ಬರೆದ ಉತ್ತರವೇ ಎರಡನೆಯದರಲ್ಲಿ ತಪ್ಪಾಗಬಹುದು. ಅತ್ತ ದರಿ, ಇತ್ತ ಪುಲಿ!

2007ರ ಬೇಸಗೆಯಲ್ಲಿ ಮೆಕೇನ್ ಅವರ ಪ್ರಚಾರ ನೆಲ ಕಚ್ಚಿತ್ತು. ಹಣ ಬರಿದಾಗಿತ್ತು, ಜುಲೈ ತಿಂಗಳಿನಲ್ಲಿ ಮುಖ್ಯ ಸಹಾಯಕರೇ ಹೊರಟುಹೋದರು. ಅವರ ಮಸೂದೆ ಕಾನೂನು ಮುರಿದವರಿಗೆ ಕೊಟ್ಟ ಕ್ಷಮಾದಾನವೆಂಬ ಕೂಗು ಪಕ್ಷದೊಳಗೇ ಎದ್ದಿತ್ತು. ಹಾಗೆ ಕೂಗಿದವರಲ್ಲಿ ಪ್ರತಿಸ್ಪರ್ಧಿ ಮಿಟ್ ರಾಮ್ನಿ ಮುಂದಾಳು. ಇದೇ ರಾಮ್ನಿಯವರು 2005ರಲ್ಲಿ ಮೆಸಚೂಸೆಟ್ಸ್ ಸಂಸ್ಥಾನದ ಗವರ್ನರರಾಗಿದ್ದಾಗ ಮೆಕೇನ್ ಅವರ ಯೋಜನೆ ಸಮಂಜಸವಾಗಿದೆ ಎಂದಿದ್ದರು. ಗಾಳಿ ಬಂದಾಗ ತೂರಿಕೊಳ್ಳುವುದರಲ್ಲಿ ಒಬ್ಬರಿಗೊಬ್ಬರು ಕಡಿಮೆಯಿರಲಿಲ್ಲ.

ಮೆಕೇನ್ ತಮ್ಮ ಮಾತಿನ ಕ್ರಮವನ್ನು ಬದಲಿಸಿದರು. ಜನರ ಸಂದೇಶ ತನಗೆ ತಲುಪಿದೆ. ಮೊದಲು ಗಡಿ, ಉಳಿದುದೆಲ್ಲ ಆಮೇಲೆ ಎಂದರು. 2008ರ ಜನವರಿಯಲ್ಲಿ ನ್ಯೂ ಹ್ಯಾಂಪ್‌ಷೈರ್ ಗೆದ್ದರು, ಫ್ಲಾರಿಡವನ್ನೂ ಗೆದ್ದರು. ಅದರ ಮಾರನೆಯ ದಿನವೇ ಮೇಲೆ ಹೇಳಿದ ಪ್ರಶ್ನೋತ್ತರ ನಡೆದುದು. ಮಾರ್ಚ್ ತಿಂಗಳಿನಲ್ಲಿ ಪಕ್ಷದ ಉಮೇದುವಾರಿಕೆ ಅವರ ಕೈಸೇರಿತು.

ಅವರ ಪರವಾಗಿಯೂ ಒಂದು ಮಾತು ಹೇಳಬೇಕು. ಜನರ ಅಭಿಪ್ರಾಯಕ್ಕೆ ಕಿವಿಗೊಡುವುದು ಪ್ರತಿನಿಧಿಯ ಧರ್ಮವಲ್ಲವೇ? ಗಡಿಯ ವಿಷಯದಲ್ಲಿ ಸರ್ಕಾರದ ಮಾತನ್ನು ಜನರು ನಂಬುತ್ತಿಲ್ಲ, ಮೊದಲು ಆ ನಂಬಿಕೆ ಗಳಿಸಬೇಕು ಎಂಬ ಅವರ ವಾದವನ್ನು ಬರಿಯ ನೆಪವೆಂದು ತಳ್ಳಿಹಾಕುವಂತಿಲ್ಲ. ಆದರೆ ಮನಸ್ಸು ಬದಲಾಗುವುದು ಬೇರೆ, ಮಾತು ಬದಲಾಗುವುದು ಬೇರೆ. ಈ ಅಂತರವನ್ನು ಮೆಕೇನ್ ಅವರಿಗಿಂತ ಚೆನ್ನಾಗಿ ಅರಿತವರು ವಿರಳ. 2000ದಲ್ಲಿ ಅವರು ಮೊದಲ ಸಲ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದಾಗ, ಗುಲಾಮಗಿರಿಯ ಪರವಾಗಿ ಹೋರಾಡಿದ ದಕ್ಷಿಣದವರ ಧ್ವಜವು ಸೌತ್ ಕ್ಯಾರೊಲಿನದ ಶಾಸನಭವನದ ಮೇಲೆ ಹಾರುತ್ತಿದ್ದುದು ವಿವಾದವಾಗಿತ್ತು. ಅವರು ಮೊದಲು ಅದನ್ನು ಖಂಡಿಸಿ, ಬಳಿಕ ಎರಡೂ ಪಕ್ಷದವರ ಭಾವನೆ ತನಗೆ ಅರ್ಥವಾಗುತ್ತದೆಂದು ಜಾರಿಕೊಂಡರು. ಆದರೂ ಆ ಸಂಸ್ಥಾನದಲ್ಲಿ ಸೋತರು. ಏಪ್ರಿಲ್ ತಿಂಗಳಿನಲ್ಲಿ ಮತ್ತೆ ಅಲ್ಲಿಗೆ ಹೋಗಿ, ನಿಜ ನುಡಿದರೆ ಸೋಲುವೆನೆಂಬ ಭಯದಿಂದ ಹಾಗೆ ಮಾಡಿದೆನೆಂದು ಬಹಿರಂಗವಾಗಿ ಒಪ್ಪಿಕೊಂಡರು.

ತೆತ್ತ ಬೆಲೆ

2008ರ ನವೆಂಬರ್ 4ರಂದು ದೇಶ ಬರಾಕ್ ಒಬಾಮ ಅವರನ್ನು ಆರಿಸಿತು. ಆ ವರ್ಷದ ಆರ್ಥಿಕ ಕುಸಿತವೇ ಮೆಕೇನ್ ಅವರ ಸೋಲಿಗೆ ಸಾಕಾಗಿತ್ತು. ಆದರೂ ಒಂದು ಲೆಕ್ಕ ಕಣ್ಣಿಗೆ ಬೀಳುತ್ತದೆ. 2004ರಲ್ಲಿ ಬುಷ್ ಅವರಿಗೆ ಸ್ಪ್ಯಾನಿಷ್ ಮೂಲದ ಮತದಾರರಲ್ಲಿ ಶೇಕಡ 40ರಷ್ಟು ಮಂದಿ ಒಲಿದಿದ್ದರು. ಮೆಕೇನ್ ಅವರಿಗೆ ದೊರೆತದ್ದು ಶೇಕಡ 31. ಯಾರಿಗಾಗಿ ಒಮ್ಮೆ ಸ್ವಪಕ್ಷವನ್ನೇ ಎದುರುಹಾಕಿಕೊಂಡಿದ್ದರೋ, ಅವರ ಬಂಧುಬಳಗವೇ ದೂರ ಸರಿಯಿತು.

2010ರಲ್ಲಿ ಸೆನೆಟ್ ಸ್ಥಾನಕ್ಕೇ ಪಕ್ಷದೊಳಗಿಂದ ಸವಾಲು ಬಂದಾಗ, ಮೆಕೇನ್ ಗಡಿಯ ಬಳಿ ನಡೆಯುತ್ತ ಬೇಲಿಯನ್ನು ಕಟ್ಟಿ ಮುಗಿಸಿರೆಂದು ಆಗ್ರಹಿಸುವ ಜಾಹೀರಾತು ಹೊರಬಂದಿತು. ಆ ಸಲ ಗೆದ್ದರು. ಚುನಾವಣೆಯ ಭಯ ಕಳೆದ ಮೇಲೆ, 2013ರಲ್ಲಿ, ಎರಡೂ ಪಕ್ಷಗಳ ಎಂಟು ಮಂದಿ ಸೆನೆಟರರಲ್ಲಿ ಒಬ್ಬರಾಗಿ ಅದೇ ಹಳೆಯ ಸುಧಾರಣೆಯನ್ನು ಮತ್ತೆ ಮುಂದಿಟ್ಟರು. ಜೂನ್ 27ರಂದು ಸೆನೆಟ್ಟು ಅದನ್ನು 68ಕ್ಕೆ 32 ಮತಗಳಿಂದ ಒಪ್ಪಿತು. ಪ್ರತಿನಿಧಿ ಸಭೆ ಮತ್ತೆ ಬಾಗಿಲು ತೆರೆಯಲಿಲ್ಲ. 2018ರ ಆಗಸ್ಟ್ 25ರಂದು ಮೆಕೇನ್ ತೀರಿಕೊಂಡಾಗಲೂ ಅವರ ಸುಧಾರಣೆ ಕಾನೂನಾಗಿರಲಿಲ್ಲ.

ದೂರದ ದೇಶದ ಈ ಕಥೆ ನಮಗೇಕೆ ಎನ್ನುವಂತಿಲ್ಲ. ಉದ್ಯೋಗದ ಆಧಾರದ ಮೇಲೆ ಕೊಡುವ ಕಾಯಂ ನೆಲಸಿಕೆಯ ಪರವಾನಗಿಯಲ್ಲಿ ಒಂದೊಂದು ದೇಶಕ್ಕೆ ಶೇಕಡ 7ರ ಮಿತಿಯಿದೆ. ಭಾರತದ ಇಂಜಿನಿಯರುಗಳು ವರ್ಷಾನುಗಟ್ಟಲೆ ಸಾಲಿನಲ್ಲಿ ನಿಲ್ಲಲು ಇದೇ ಕಾರಣ. ಆ ಮಿತಿಯನ್ನು ತೆಗೆಯುವ ವಿಧಿಯೂ 2013ರ ಮಸೂದೆಯಲ್ಲಿತ್ತು. ಮಸೂದೆಯೊಡನೆ ಅದೂ ಮುಳುಗಿತು. ಮಗನಿಗೆ ಹಸುರು ಕಾರ್ಡು ಯಾವಾಗ ಬರುವುದೋ ಎಂದು ಜಯನಗರದ, ಮಲ್ಲೇಶ್ವರದ ಮನೆಗಳಲ್ಲಿ ದಿನವೆಣಿಸಿದ ತಾಯಿತಂದೆಯರ ಚಿಂತೆಗೂ, ನ್ಯೂ ಹ್ಯಾಂಪ್‌ಷೈರಿನ ಮಂಜಿನಲ್ಲಿ ಮತ ಹಾಕಲು ನಿಂತ ಕೆಲವು ಲಕ್ಷ ಜನರ ಕೋಪಕ್ಕೂ ಹೀಗೊಂದು ನಂಟು ಇದೆ.

ಸೆರೆಮನೆಯಲ್ಲಿ ಮೆಕೇನ್ ಅವರಿಗೆ ಎದುರಾಳಿ ಯಾರೆಂಬುದು ಸ್ಪಷ್ಟವಾಗಿತ್ತು. ತನ್ನ ಸರದಿಗೆ ಮೊದಲು ಹೊರಗೆ ಕಾಲಿಡಲಾರೆನೆಂದು ಹೇಳುವ ಧೈರ್ಯ ಅವರಿಗಿತ್ತು. ಚುನಾವಣೆಯ ವೇದಿಕೆಯಲ್ಲಿ ಎದುರಿಗಿದ್ದವರು ಶತ್ರುಗಳಲ್ಲ, ಅವರದೇ ಜನ. ಶತ್ರುವಿಗೆ ಇಲ್ಲವೆನ್ನುವುದಕ್ಕಿಂತ ತನ್ನವರಿಗೆ ಇಲ್ಲವೆನ್ನುವುದು ಕಷ್ಟ. ಅದು ಸಾಧ್ಯವಾಗದೆ ಹೋದಾಗ, ಬಾಗಿಲ ಹೊರಗೆ ಸರದಿಗಾಗಿ ಕಾದು ನಿಂತವರು ಕಾಯುತ್ತಲೇ ಉಳಿಯುತ್ತಾರೆ.