ಪರೀಕ್ಷೆಯ ಸ್ಥಳವೂ ಪಾಠದ ಕ್ರಮವೂ

ವಿಶ್ವವಿದ್ಯಾಲಯದ ಪರೀಕ್ಷೆಯು ಹೇಗಿರುವುದೋ ಕಾಲೇಜಿನ ಪಾಠವೂ ಹಾಗೆಯೇ ಇರುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಪ್ರಶ್ನೆಪತ್ರಿಕೆಯು ಕಂಠಪಾಠವನ್ನು ಬೇಡಿದರೆ ಅಧ್ಯಾಪಕರು ಟಿಪ್ಪಣಿಯನ್ನು ಹೇಳಿ ಬರೆಯಿಸುವರು. ವಿವೇಚನೆಯನ್ನು ಬೇಡಿದರೆ ವಿವೇಚನೆಯನ್ನು ಕಲಿಸಲೇಬೇಕಾಗುವುದು. ಆನ್‌ಲೈನ್ ಪರೀಕ್ಷೆಗಳ ವಿಷಯವನ್ನು ಈ ದೃಷ್ಟಿಯಿಂದ ವಿಚಾರಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ.

2020ನೆಯ ಇಸವಿಯ ಮಾರ್ಚ್ ತಿಂಗಳಲ್ಲಿ ಕೊರೋನಾ ಪಿಡುಗಿನಿಂದ ಕಾಲೇಜುಗಳು ಮುಚ್ಚಿದುವು. ಅಂತಿಮ ವರ್ಷದ ಪರೀಕ್ಷೆಗಳನ್ನು ಕಾಗದದ ಮೇಲಾಗಲಿ, ಆನ್‌ಲೈನಿನಲ್ಲಾಗಲಿ, ಎರಡನ್ನೂ ಬೆರೆಸಿಯಾಗಲಿ ಸೆಪ್ಟೆಂಬರ್ ಮುಗಿಯುವುದರೊಳಗೆ ನಡೆಯಿಸತಕ್ಕದ್ದೆಂದು ಯು.ಜಿ.ಸಿ.ಯವರು ಜುಲೈ 6ರಂದು ಸೂಚಿಸಿದರು. ದಿಲ್ಲಿ ವಿಶ್ವವಿದ್ಯಾಲಯವು ಆಗಸ್ಟಿನಲ್ಲಿ, ಪುಸ್ತಕವನ್ನು ತೆರೆದಿಟ್ಟುಕೊಂಡೇ ಬರೆಯುವ ಪರೀಕ್ಷೆಯನ್ನು ಏರ್ಪಡಿಸಿತು. ವಿದ್ಯಾರ್ಥಿಯು ಮನೆಯಲ್ಲಿ ಕುಳಿತು ಪ್ರಶ್ನೆಪತ್ರಿಕೆಯನ್ನು ಇಳಿಸಿಕೊಂಡು, ಉತ್ತರವನ್ನು ಬರೆದು, ಹಾಳೆಗಳ ಪ್ರತಿಯನ್ನು ಗೊತ್ತಾದ ಅವಧಿಯೊಳಗೆ ಕಳುಹಿಸಬೇಕಾಗಿತ್ತು. ಅಂಧ ವಿದ್ಯಾರ್ಥಿಗಳ ಅಡಚಣೆಗಳು ಹೈಕೋರ್ಟಿನವರೆಗೆ ಹೋದುವು. ನೆಟ್‌ವರ್ಕ್ ಸಿಕ್ಕದ ಹಳ್ಳಿಯವನ ಪಾಡಂತೂ ಹೇಳತೀರದು.

ಈ ಕೊರತೆಗಳಿಗಿಂತಲೂ ಮೂಲಭೂತವಾದ ಪ್ರಶ್ನೆಯೊಂದಿದೆ. ಪುಸ್ತಕವು ಎದುರಿಗಿರುವಾಗ "ಲಕ್ಷಣವನ್ನು ಬರೆಯಿರಿ" ಎಂದು ಕೇಳುವುದರಿಂದ ಪ್ರಯೋಜನವೇನು? ನಕಲುಮಾಡುವ ವೇಗವು ಗೊತ್ತಾದೀತು, ಅಷ್ಟೆ. ಸ್ಥಳವು ಬದಲಾಗಿ ಪ್ರಶ್ನೆಯು ಬದಲಾಗದಿದ್ದರೆ ಪಾಠವೂ ಬದಲಾಗದು. ವರ್ಷವೆಲ್ಲ ಟಿಪ್ಪಣಿಯನ್ನೇ ಬರೆದುಕೊಂಡವನಿಗೆ ಕಡೆಯ ದಿನ ಒಮ್ಮೆಗೇ "ವಿಚಾರಮಾಡು" ಎನ್ನುವುದೂ ನ್ಯಾಯವಲ್ಲ.

ನಮ್ಮ ಸಂಸ್ಕೃತ ಪಾಠಶಾಲೆಗಳಲ್ಲಿ ವಾಕ್ಯಾರ್ಥವೆಂಬ ಪದ್ಧತಿಯುಂಟು. ಗ್ರಂಥವು ಉಭಯರಿಗೂ ಬಾಯಿಗೆ ಬಂದಿರುವುದು. ಆದರೂ ಪ್ರತಿವಾದಿಯ ಆಕ್ಷೇಪಣೆಗೆ ಸಮಾಧಾನ ಹೇಳಬಲ್ಲವನೇ ಪಂಡಿತನೆನಿಸುವನು. ಆ ಸಾಮರ್ಥ್ಯವನ್ನು ಗುರುಗಳು ದಿನದಿನವೂ ಪೂರ್ವಪಕ್ಷ ಸಿದ್ಧಾಂತಗಳನ್ನು ನಡೆಯಿಸಿ ಬೆಳೆಯಿಸುವರು.

2022ರ ಮೇ ತಿಂಗಳಲ್ಲಿ ದಿಲ್ಲಿಯ ಪರೀಕ್ಷೆಗಳು ಮರಳಿ ಪರೀಕ್ಷಾಮಂದಿರಕ್ಕೆ ಬಂದುವು. ಅದೇ ನವೆಂಬರಿನಲ್ಲಿ ಹೊರಬಂದ ಚಾಟ್‌ಜಿಪಿಟಿಯು, ಮನೆಯಲ್ಲಿ ಬರೆದ ಉತ್ತರವು ಯಾರದೆಂಬ ಸಂದೇಹವನ್ನು ಇಮ್ಮಡಿಸಿತು. ಹಾಗೆಂದು ಕಂಠಪಾಠಕ್ಕೆ ಹಿಂದಿರುಗುವುದು ಪರಿಹಾರವಲ್ಲ. ತರಗತಿಯಲ್ಲಿ ಚರ್ಚೆ, ವರ್ಷದ ನಡುವೆ ಸಣ್ಣ ಪ್ರಬಂಧಗಳು, ಬರೆದುದನ್ನು ಕುರಿತು ಎದುರು ಕುಳ್ಳಿರಿಸಿ ಪ್ರಶ್ನೆ, ಇವು ಆಗಬೇಕು. ಒಬ್ಬ ಅತಿಥಿ ಉಪನ್ಯಾಸಕನಿಗೆ ನೂರು ಮಂದಿಯನ್ನು ಒಪ್ಪಿಸಿದಲ್ಲಿ ಇವೊಂದೂ ನಡೆಯಲಾರವು. ಆದುದರಿಂದ ಅಧಿಕಾರಿಗಳು ಯಂತ್ರಗಳಿಗೆ ಹಣ ವೆಚ್ಚಮಾಡುವ ಮೊದಲು ಅಧ್ಯಾಪಕರ ಸಂಖ್ಯೆಯನ್ನು ಹೆಚ್ಚಿಸಲಿ. ಇಲ್ಲವಾದರೆ ಕೊಳಗವನ್ನು ಬದಲಿಸಿ, ಬೆಳೆ ಹೆಚ್ಚಿತೆಂದು ಹಿಗ್ಗಿದಂತಾದೀತು.